ಆಮೆ ಸಿಕ್ಕರೆ ಮೊದಲು ಕಾಲು ನೋಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಅಡಿಕೆ ತೋಟದಲ್ಲಿ ಸಿಕ್ಕ ಆಮೆಯನ್ನು ನಾಲ್ಕೈದು ಜನ ಸೇರಿ ತುಂಗಾ ನದಿಗೆ ಬಿಡುತ್ತಿದ್ದಾರೆ, ಎಲ್ಲರ ಮುಖದಲ್ಲೂ ಪುಣ್ಯ ಕಟ್ಟಿಕೊಂಡ ಖುಷಿ. ಆದರೆ ಫೋಟೊದಲ್ಲಿ ಆ ಆಮೆಯ ಕಾಲು ಸ್ಪಷ್ಟವಾಗಿ ಕಾಣುತ್ತಿತ್ತು. ಅದು ನೆಲದ ಆಮೆ. ಆಳದ ನೀರಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ, ಅಷ್ಟೇ.

ಗುರುತು ಹಿಡಿಯುವುದು ಕಷ್ಟವೇನಲ್ಲ. ನೆಲದ ಆಮೆಯ ಕಾಲು ಆನೆ ಕಾಲಿನ ಹಾಗೆ ಮೋಟು, ದಪ್ಪ, ಮೇಲೆಲ್ಲ ಒರಟು ಹುರುಪೆ. ಚಿಪ್ಪು ಸಾಮಾನ್ಯವಾಗಿ ಎತ್ತರಕ್ಕೆ ಉಬ್ಬಿರುತ್ತದೆ. ಕೆರೆ, ಹೊಳೆಯ ಆಮೆಗಾದರೆ ಬೆರಳುಗಳ ನಡುವೆ ಪೊರೆ ಇರುತ್ತದೆ, ಚಿಪ್ಪು ಅಷ್ಟು ಎತ್ತರ ಇರುವುದಿಲ್ಲ. ನಮ್ಮ ಕಡೆ ಗದ್ದೆ, ಕೆರೆಗಳಲ್ಲಿ ಸಿಗುವ ಮೆತ್ತನೆ ಚಿಪ್ಪಿನದನ್ನು ತಿರುಗಿಸಿ ನೋಡಿದರೆ ಹಿಂಗಾಲು ಮುಚ್ಚಿಕೊಳ್ಳಲು ಎರಡು ಮಡಿಕೆ ಇರುತ್ತವೆ, ಹೆದರಿದರೆ ಕಾಲು ಒಳಗೆಳೆದು ಬಾಗಿಲು ಹಾಕಿಕೊಂಡುಬಿಡುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿದರೆ ಇದು ಕೆಸರಿನೊಳಗೆ ಹೂತುಕೊಂಡು ಮಳೆಗೆ ಕಾಯುತ್ತದೆ. ಇದನ್ನು ನೀರಿಗೆ ಬಿಟ್ಟರೆ ಸರಿ. ಬೆನ್ನ ಮೇಲೆ ಮೂರು ಏಣು ಇರುವ ಕರಿ ಆಮೆಯೂ ನೀರಿನದೇ.

ಪಶ್ಚಿಮ ಘಟ್ಟದ ಕಾಡಿನ ಆಮೆಗಳ ಕಥೆಯೇ ಬೇರೆ. ತಿರುವಾಂಕೂರು ಆಮೆ ನಮ್ಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಹುಲ್ಲು, ಉದುರಿದ ಹಣ್ಣು, ಅಣಬೆ ತಿಂದುಕೊಂಡು ಓಡಾಡುತ್ತದೆ. ಇನ್ನೊಂದು ಬೆತ್ತದ ಕಾಡಿನ ಆಮೆ, ಅಂಗೈಗಿಂತ ಸ್ವಲ್ಪ ದೊಡ್ಡದು, ತರಗೆಲೆಯ ಅಡಿಯಲ್ಲೇ ವಾಸ. 1912ರಲ್ಲಿ ವಿಜ್ಞಾನಿಗಳು ವಿವರಿಸಿದ ಮೇಲೆ ಸುಮಾರು 70 ವರ್ಷ ಯಾರಿಗೂ ಸಿಕ್ಕಿರಲಿಲ್ಲ. 1982ರಲ್ಲಿ ಜೆ. ವಿಜಯಾ ಎಂಬ ಯುವತಿ ಕೇರಳದ ಕಾಡಲ್ಲಿ ಮತ್ತೆ ಹುಡುಕಿದರು. ಈಗ ಆ ಆಮೆಯ ಕುಲಕ್ಕೇ ಅವರ ಹೆಸರು, ವಿಜಯಾಕೆಲಿಸ್. ಇಂಥದ್ದನ್ನು ಪಾಪ ಅಂತ ಎತ್ತಿ ಹೊಳೆಗೆ ಹಾಕಿದರೆ ಹೇಗೆ? ಘಾಟಿ ರಸ್ತೆ ದಾಟುತ್ತಿರುವ ಆಮೆ ಕಂಡರೆ ಗಾಡಿ ನಿಲ್ಲಿಸಿ, ಅದು ಯಾವ ಕಡೆ ಮುಖ ಮಾಡಿತ್ತೋ ಆ ಬದಿಗೇ ಇಟ್ಟುಬಿಡಿ, ಸಾಕು.

ನಕ್ಷತ್ರ ಆಮೆ ಮಾತ್ರ ನಮ್ಮ ಮಲೆನಾಡಿನದ್ದಲ್ಲ. ಅದು ಒಣ ಕುರುಚಲು ಕಾಡಿನ ಜೀವಿ. ದುಡ್ಡು ಬರುತ್ತದೆ ಅನ್ನೋ ನಂಬಿಕೆಗೆ ತಂದು ಸಾಕುತ್ತಾರೆ, ಆಮೇಲೆ ಕಾನೂನಿನ ಭಯಕ್ಕೆ ರಾತ್ರೋರಾತ್ರಿ ಆಗುಂಬೆ ಕಡೆಯ ಕಾಡಿಗೆ ಬಿಟ್ಟರೂ ನಮ್ಮ ಮಳೆ, ಥಂಡಿಗೆ ಅದು ಬದುಕುವುದು ಕಷ್ಟ. ಸಿಕ್ಕರೆ ಅರಣ್ಯ ಇಲಾಖೆಗೆ ಕೊಡಬೇಕು, ಬೇರೆ ದಾರಿ ಇಲ್ಲ.

ಇದಕ್ಕಿಂತ ಜಾಸ್ತಿ ಸಿಟ್ಟು ಬರುವುದು ಅಕ್ವೇರಿಯಂ ಅಂಗಡಿಗಳ ಹಸಿರು ಮರಿಗಳನ್ನು ನೋಡಿದಾಗ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ಅವು ಅಮೆರಿಕದವು. ಮಕ್ಕಳು ಹಟ ಮಾಡಿದರು ಅಂತ ಕೊಂಡು ತರುತ್ತಾರೆ. ಬೆಳೆದು ತಟ್ಟೆಯಷ್ಟಾಗಿ ನೀರು ನಾರತೊಡಗಿದಾಗ ಸುಮ್ನೆ ಊರ ಕೆರೆಗೆ ಬಿಡುತ್ತಾರೆ. ಇವು ಚೆನ್ನಾಗಿ ಈಜುತ್ತವೆ, ತೊಂದರೆ ಇರುವುದೇ ಅಲ್ಲಿ. ನಮ್ಮ ಕರಿ ಆಮೆಯ ಊಟ, ಬಿಸಿಲು ಕಾಯಿಸುವ ಜಾಗ ಎರಡನ್ನೂ ಕಿತ್ತುಕೊಳ್ಳುತ್ತವೆ.

ಇನ್ನು ಮುಂದೆ ಇಂಥ ಫೋಟೊ ಬಂದರೆ ಹಾಕುವ ಮುಂಚೆ ಗೊತ್ತಿರುವವರಿಗೆ ಒಮ್ಮೆ ತೋರಿಸಿ. ಫೋಟೊ ನೋಡಿ ಹಾಗೇ ಮಾಡುವವರು ಇರುತ್ತಾರೆ, ಅಲ್ವಾ?

– ಓದುಗ, ತೀರ್ಥಹಳ್ಳಿ