ಗೆಳೆಯನಿಗೊಂದು ಪತ್ರ: ನಾಟಕದ ಮೇಷ್ಟ್ರಿಗೆ ವಾರಕ್ಕೊಂದು ಪೀರಿಯಡ್ ಬೇಕು

ಮಾಟುಂಗಾ, ಮುಂಬಯಿ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿ ಬೇಜಾರಾಯಿತು. "ನಾಟಕದ ಮೇಷ್ಟ್ರು ಅಂದ್ರೆ ಶಾಲೆಗೆ ಡಿಸೆಂಬರ್‌ನಲ್ಲಿ ಮಾತ್ರ ನೆನಪಾಗೋದು. ಬಿ.ಎಡ್. ಮುಗಿಸಿ ಸಮಾಜ ವಿಜ್ಞಾನ ಪಾಠ ಮಾಡ್ಕೊಂಡು ಇರ್ತೇನೆ ಮಾರಾಯ" ಅಂತ ಬರೆದಿದ್ದೀಯ. ಹೆಗ್ಗೋಡಿನ ರಂಗಶಾಲೆಯಲ್ಲಿ ಒಟ್ಟಿಗೆ ಕಲಿತವರು ನಾವು. ನೀನು ಮಕ್ಕಳ ಜೊತೆ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಿದವನು ನಾನು. ಹಾಗಾಗಿ ಸುಮ್ನೆ ಸಮಾಧಾನ ಹೇಳಿ ಫೋನ್ ಇಡಲು ಮನಸ್ಸಾಗಲಿಲ್ಲ. ಗೊತ್ತಿರುವುದನ್ನೆಲ್ಲ ಕೂತು ಬರೆಯುತ್ತಿದ್ದೇನೆ. ನಿನ್ನಂತೆಯೇ ಯೋಚಿಸುತ್ತಿರುವವರು ಇನ್ನೂ ಹಲವರಿದ್ದಾರೆ. ಅವರಿಗೂ ಸಿಗಲಿ ಎಂದು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರಾಗಲಿ ಶಾಲೆಯ ಹೆಸರಾಗಲಿ ಇದರಲ್ಲಿ ಇಲ್ಲ.

ಬಿ.ಎಡ್. ಖಂಡಿತ ಮಾಡು. ಆದರೆ ನಾಟಕ ಬಿಡುವುದಕ್ಕಲ್ಲ, ನಾಟಕದ ಮೇಷ್ಟ್ರಾಗಿಯೇ ಶಾಲೆಯಲ್ಲಿ ಗಟ್ಟಿಯಾಗಿ ಕಾಲೂರುವುದಕ್ಕೆ. ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಈ ಕೆಲವು ವರ್ಷಗಳಲ್ಲಿ ಪರಿಸ್ಥಿತಿ ಬದಲಾಗಿದೆ. ನಿಮ್ಮೂರಿನ ತನಕ ಅದು ಇನ್ನೂ ಪೂರ್ತಿ ತಲುಪಿಲ್ಲ ಅಷ್ಟೆ.

ದೊಡ್ಡ ಸುದ್ದಿ ಪಠ್ಯಪುಸ್ತಕದ್ದು. ಶಾಲಾ ಪಠ್ಯಪುಸ್ತಕ ತಯಾರಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ 2024ರಲ್ಲಿ 6ನೇ ತರಗತಿಗೆ 'ಕೃತಿ' ಎಂಬ ಕಲಾ ಪಠ್ಯಪುಸ್ತಕ ತಂದಿತು. ಚಿತ್ರಕಲೆ, ಸಂಗೀತ, ನೃತ್ಯ ಇವುಗಳ ಜೊತೆಗೆ ನಾಟಕಕ್ಕೂ ಅದರಲ್ಲಿ ಅದರದ್ದೇ ಭಾಗ ಇದೆ. ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತದೆ, ಇವತ್ತೇ ಇಳಿಸಿಕೋ. ಪುಸ್ತಕದಲ್ಲಿ ಬಂತು ಅಂದರೆ ಟೈಮ್‌ಟೇಬಲ್ಲಿಗೂ ಬರಬೇಕು. ಟೈಮ್‌ಟೇಬಲ್ಲಿಗೆ ಬಂತು ಅಂದರೆ ಅದನ್ನು ಪಾಠ ಮಾಡಲು ಒಬ್ಬರು ಬೇಕು. ಇಲ್ಲಿನ ಸಿಬಿಎಸ್‌ಇ ಶಾಲೆಗಳಲ್ಲಿ ಈಗ ಆ ಭಾಗವನ್ನು ಎಷ್ಟೋ ಸಲ ಚಿತ್ರಕಲೆಯ ಟೀಚರೇ ತೆಗೆದುಕೊಳ್ಳುತ್ತಾರೆ. ಪಾಪ, ಅವರಿಗೂ ಕಷ್ಟ. ನಾಟಕ ಗೊತ್ತಿರುವವರು ಹೋಗಿ ಕೇಳಿದರೆ ಹೆಡ್‌ಮೇಷ್ಟ್ರು ಕೂತು ಮಾತಾಡುತ್ತಾರೆ, ಹಿಂದಿನ ಹಾಗೆ ಗೇಟಿನಿಂದಲೇ ವಾಪಸ್ ಕಳಿಸುವುದಿಲ್ಲ.

ನಿಮ್ಮ ಕಡೆಯ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಈ ಪುಸ್ತಕ ಇಲ್ಲ, ನನಗೆ ಗೊತ್ತು. ಅಲ್ಲಿ ಬೇರೆ ಆಧಾರ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ಓದು. 6ರಿಂದ 8ನೇ ತರಗತಿಯಲ್ಲಿ ನೂರಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎಂದು ಅದರಲ್ಲೇ ಬರೆದಿದೆ. ಇನ್ನು ಕಲೆ ಅಂದರೆ ಬರೀ ಡ್ರಾಯಿಂಗ್ ಅಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ನಾಟಕವನ್ನೂ ಹೆಸರು ಹಿಡಿದು ಸೇರಿಸಿದೆ. ಈ ಎರಡು ಪುಟಗಳ ಜೆರಾಕ್ಸ್ ನಿನ್ನ ಚೀಲದಲ್ಲಿ ಯಾವಾಗಲೂ ಇರಲಿ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಮಾತು ಬಂದಾಗ ಮೇಜಿನ ಮೇಲೆ ಇಡು. ಕರ್ನಾಟಕದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರ ಹುದ್ದೆಯೇ ಇದೆ, ಹೆಗ್ಗೋಡಿನಲ್ಲಿ ಕಲಿತವರೂ ಅಲ್ಲಿ ಪಾಠ ಮಾಡುತ್ತಿದ್ದಾರೆ. ಅದು ಸಾಲದು, ನಿಜ. ಆದರೆ ಒಂದು ಕಡೆ ಆದದ್ದನ್ನು ಇನ್ನೊಂದು ಕಡೆ ಕೇಳಬಹುದು, ಅಲ್ವಾ?

ಈಗ ನನಗೆ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಮದುವೆ ಮನೆಗೆ ಅಡುಗೆಯವರನ್ನು ಕರೆದ ಹಾಗೆ ನಮ್ಮನ್ನು ವಾರ್ಷಿಕೋತ್ಸವಕ್ಕೆ ಕರೆಯುತ್ತಾರೆ. ಇಲ್ಲಿ ಅದಕ್ಕೆ ಗ್ಯಾದರಿಂಗ್ ಅನ್ನುತ್ತಾರೆ. ಹೆಸರು ಬೇರೆ, ಕಥೆ ಅದೇ. ಮೂರು ವಾರ ಗಡಿಬಿಡಿ, ಚೆನ್ನಾಗಿ ಮಾತಾಡುವ ಹದಿನೈದು ಮಕ್ಕಳಿಗೆ ಪಾತ್ರ, ಉಳಿದವರು ಮರ ಅಥವಾ ಸಮುದ್ರದ ಅಲೆ. ಚಪ್ಪಾಳೆ ಆಯಿತು, ಶಾಲು ಹೊದಿಸಿದ್ದಾಯಿತು, ಮುಗಿಯಿತು. ಈ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದರೂ ನಮಗೆ ಶಾಲೆಯಲ್ಲಿ ಜಾಗ ಸಿಗುವುದಿಲ್ಲ. ಜಾಗ ಸಿಗುವುದು ವಾರಕ್ಕೊಂದು ಪೀರಿಯಡ್ ಸಿಕ್ಕಾಗ. ಸಂಬಳ ಕಡಿಮೆ ಇದ್ದರೂ ಮೊದಲು ಕೇಳಬೇಕಾದದ್ದು ಅದನ್ನೇ. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಪರೀಕ್ಷೆ ಹತ್ತಿರ ಬಂದಾಗಲೆಲ್ಲ ನಾಟಕದ ಪೀರಿಯಡ್ಡನ್ನು ಗಣಿತಕ್ಕೆ ಕೊಡುತ್ತಿದ್ದರು. ಈಗಿನ ಶಾಲೆಗೆ ಸೇರುವಾಗ, ನನ್ನ ಪೀರಿಯಡ್ ಯಾರಿಗೂ ಕೊಡಬಾರದು ಎಂದು ಬರಹದಲ್ಲೇ ಒಪ್ಪಿಸಿಕೊಂಡೆ.

ಆ ಪೀರಿಯಡ್‌ನಲ್ಲಿ ಏನು ಮಾಡುತ್ತೇನೆ ಎಂದು ಕೇಳಿದ್ದೆ ನೀನು. ಒಂದು ತರಗತಿಯ ಬಗ್ಗೆ ಹೇಳುತ್ತೇನೆ.

6ನೇ ತರಗತಿ. ಬೆಂಚುಗಳ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ಮುಂಬಯಿಗೆ ಏಳು ಕೆರೆಗಳಿಂದ ಕುಡಿಯುವ ನೀರು ಬರುತ್ತದೆ: ವಿಹಾರ, ತುಳಸಿ, ತಾನ್ಸಾ, ಮೋಡಕ್ ಸಾಗರ, ಭಾತ್ಸಾ, ಮೇಲಿನ ವೈತರಣಾ, ಮಧ್ಯ ವೈತರಣಾ. ಮಕ್ಕಳು ಈ ಹೆಸರುಗಳನ್ನು ಬಾಯಿಪಾಠ ಮಾಡಿದ್ದರು. ನಾನು ಅವರಿಗೆ ಹೇಳಿದೆ: "ನೀವೆಲ್ಲ ಈಗ ಮಹಾನಗರಪಾಲಿಕೆಯ ನೀರು ಸರಬರಾಜು ಅಧಿಕಾರಿಗಳು. ನಿಮ್ಮನ್ನು ನೋಡಲು ಒಬ್ಬರು ಬರುತ್ತಿದ್ದಾರೆ." ಹೊರಗೆ ಹೋದೆ. ಹೆಗಲಿಗೊಂದು ಕಂಬಳಿ ಹಾಕಿಕೊಂಡು, ಕೈಯಲ್ಲಿ ಮಡಚಿದ ಕಾಗದ ಹಿಡಿದು, ಬಾಗಿಲು ತಟ್ಟಿ ಒಳಗೆ ಬಂದೆ. "ಠಾಣೆ ಜಿಲ್ಲೆಯ ಶಹಾಪುರ ತಾಲೂಕಿನ ಹಳ್ಳಿಯವ ನಾನು, ತಾನ್ಸಾ ಕೆರೆ ನಮ್ಮ ಪಕ್ಕದಲ್ಲೇ. 1892ರಿಂದ ನಿಮ್ಮ ಊರಿಗೆ ನೀರು ಹೋಗುತ್ತಿದೆ, ಬೇಸಿಗೆ ಬಂದರೆ ನಮಗೆ ಮಾತ್ರ ಟ್ಯಾಂಕರ್. ಅರ್ಜಿ ತಂದಿದ್ದೇನೆ ಸಾಹೇಬ್" ಅಂದೆ.

ಮೊದಲು ನಕ್ಕರು. ನಾನು ನಗಲಿಲ್ಲ, ನಿಂತೇ ಇದ್ದೆ. ಆಗ ಒಬ್ಬ ಹುಡುಗಿ ಎದ್ದು, "ಇವರಿಗೆ ಕುರ್ಚಿ ಕೊಡಿ, ದೂರದಿಂದ ಬಂದಿದ್ದಾರೆ" ಅಂದಳು. ಅಲ್ಲಿಂದ ತರಗತಿಯ ಗಾಳಿಯೇ ಬದಲಾಯಿತು. ಎಷ್ಟು ಮನೆಗಳಿವೆ, ಬಾವಿ ಇದೆಯಾ, ಕೆರೆಯಿಂದ ಪೈಪು ಎಳೆದರೆ ಏನಾಗುತ್ತದೆ ಎಂದು ಪ್ರಶ್ನೆ ಕೇಳತೊಡಗಿದರು. ಎತ್ತರದ ಟವರಿನಲ್ಲಿರುವ ಹುಡುಗನೊಬ್ಬ, "ಇನ್ನೂ ಎರಡು ಟ್ಯಾಂಕರ್ ಜಾಸ್ತಿ ಕಳಿಸೋಣ, ಮುಗೀತು" ಅಂದ. ಚಾಳಿನಿಂದ ಬರುವ ಇನ್ನೊಬ್ಬಳು ತಟ್ಟನೆ ತಿರುಗಿ, "ಟ್ಯಾಂಕರ್ ಬಂದ ದಿನ ಶಾಲೆ ತಪ್ಪಿಸಿ ಲೈನಲ್ಲಿ ನಿಲ್ಲೋದು ಯಾರು ಗೊತ್ತಾ? ಹುಡುಗಿಯರು" ಅಂದಳು. ಹುಡುಗ ಸುಮ್ಮನಾಗಲಿಲ್ಲ, ವಾದ ಮಾಡಿದ. ಆದರೆ ಈಗ ಅವನ ವಾದ ಅವಳ ಮಾತಿಗೆ ಉತ್ತರವಾಗಿತ್ತು. ಗಂಟೆ ಹೊಡೆದಾಗ ಅರ್ಜಿಯ ಮೇಲೆ ಎರಡು ಬೇರೆ ಬೇರೆ ಷರಾ ಬರೆದು, ಎರಡಕ್ಕೂ ಸಹಿ ಹಾಕಿಸಿ ನನ್ನ ಕೈಗೆ ಕೊಟ್ಟರು.

ಹಿಂದಿನ ಬೆಂಚಿನಲ್ಲಿ ಭೂಗೋಳದ ಟೀಚರ್ ಕೂತಿದ್ದರು. ಮುಂದಿನ ವಾರ ಅವರೇ ಬಂದು, "ಮಳೆಗಾಲದ ಪಾಠಕ್ಕೂ ಹೀಗೆ ಏನಾದರೂ ಮಾಡೋಣ" ಅಂದರು. ನೋಡು, ವೇಷ ಇಲ್ಲ, ಲೈಟ್ ಇಲ್ಲ, ಕಂಬಳಿಯೊಂದೇ. ಮೇಷ್ಟ್ರೇ ಪಾತ್ರವಾಗಿ ಒಳಗೆ ಬರುವ ಈ ಕ್ರಮವನ್ನು ಇಂಗ್ಲೆಂಡಿನ ಡೊರೊಥಿ ಹೀತ್‌ಕೋಟ್ ತಮ್ಮ ತರಗತಿಗಳಲ್ಲಿ ಬೆಳೆಸಿದರು. ನಮ್ಮಲ್ಲಿ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳಿಗೆ ಆಟ, ನಾಟಕದ ಮೂಲಕ ಕಲಿಸಲು ಎಂದೋ ಹೊರಟಿದ್ದರು. ಈ ದಾರಿ ನಮಗೆ ಹೊಸದಲ್ಲ ಅನ್ನುವುದಕ್ಕೆ ಹೇಳಿದೆ.

ಇನ್ನು ಕಲಿಯುವ ಅವಕಾಶಗಳು. ನೀನು ಒಂದು ವರ್ಷ ಮನೆ ಬಿಟ್ಟಿರಲು ಸಾಧ್ಯ ಅಂತಾದರೆ, ರಾಷ್ಟ್ರೀಯ ನಾಟಕ ಶಾಲೆಯ ಅಗರ್ತಲಾ ಕೇಂದ್ರಕ್ಕೆ ಅರ್ಜಿ ಹಾಕು. ಅಲ್ಲಿ ಶಿಕ್ಷಣದಲ್ಲಿ ರಂಗಭೂಮಿ ಎಂಬುದಕ್ಕೇ ಮೀಸಲಾದ ಒಂದು ವರ್ಷದ ಕೋರ್ಸ್ ಇದೆ. ಶಾಲೆಯ ಕೆಲಸ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ತ್ರಿಪುರ ದೂರ, ಊಟ ಬೇರೆ, ಭಾಷೆ ಬೇರೆ. ಆದರೂ ಹೋಗು ಅನ್ನುತ್ತೇನೆ. ದಿಲ್ಲಿಯಲ್ಲಿ ಇದೇ ಸಂಸ್ಥೆ 1989ರಲ್ಲಿ ಶುರು ಮಾಡಿದ ಸಂಸ್ಕಾರ ರಂಗ ಟೋಲಿ ಮಕ್ಕಳಿಗಾಗಿ, ಮಕ್ಕಳ ಜೊತೆ ನಾಟಕ ಮಾಡುತ್ತಾ ಬಂದಿದೆ. ಅವರ ಮಕ್ಕಳ ನಾಟಕೋತ್ಸವ ಜಶ್ನೆ ಬಚ್‌ಪನ್ ನೋಡಲು ಸಿಕ್ಕರೆ ಬಿಡಬೇಡ.

ಮನೆ ಬಿಡಲು ಆಗುವುದಿಲ್ಲ ಅಂದರೆ ಸಿಸಿಆರ್‌ಟಿ, ಅಂದರೆ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ್ದು. ಕೆಲಸದಲ್ಲಿರುವ ಶಿಕ್ಷಕರಿಗೆ ಕೆಲವೇ ವಾರಗಳ ತರಬೇತಿ ಕೊಡುತ್ತದೆ. ಶಿಕ್ಷಣದಲ್ಲಿ ಗೊಂಬೆಯಾಟ ಎಂಬ ಅವರ ಶಿಬಿರ ತುಂಬಾ ಉಪಯೋಗದ್ದು. ಹಳೇ ಕಾಲುಚೀಲ, ನ್ಯೂಸ್‌ಪೇಪರ್, ಅಂಟು ಇದ್ದರೆ ತರಗತಿ ನಡೆಯುತ್ತದೆ. ಆದರೆ ಹೆಸರು ಶಿಕ್ಷಣ ಇಲಾಖೆಯ ಮೂಲಕವೇ ಹೋಗಬೇಕು. ಹಾಗಾಗಿ ಬಿಇಒ ಕಚೇರಿಯಲ್ಲಿ ಮೊದಲೇ ಹೇಳಿಟ್ಟಿರು. ಕಲೆ, ಸಂಸ್ಕೃತಿಯ ಅಧ್ಯಯನಕ್ಕೆ ಕೊಡುವ ಕಿರಿಯ ಫೆಲೋಶಿಪ್‌ಗೆ ಅರ್ಜಿ ಕರೆಯುವುದೂ ಸಿಸಿಆರ್‌ಟಿಯವರೇ: 25ರಿಂದ 40 ವರ್ಷದವರಿಗೆ, ತಿಂಗಳಿಗೆ 10,000 ರೂಪಾಯಿ, ಎರಡು ವರ್ಷ. ಕರಾವಳಿಯ ಶಾಲಾ ನಾಟಕಗಳ ಬಗ್ಗೆ ನೀನು ಕೂಡಿಟ್ಟಿರುವ ಟಿಪ್ಪಣಿಗಳು ಇದಕ್ಕೆ ಹೇಳಿ ಮಾಡಿಸಿದ ವಿಷಯ.

ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನ ರಂಗ ಅಕಾಡೆಮಿಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಇದೆ. ಪುಣೆ ವಿಶ್ವವಿದ್ಯಾಲಯದಲ್ಲಿ ಲಲಿತ ಕಲಾ ಕೇಂದ್ರ ಇದೆ. ಎರಡೂ ಒಳ್ಳೆಯ ಜಾಗಗಳು. ಆದರೆ ನಟ, ನಿರ್ದೇಶಕ ಆಗುವವರಿಗೆ ಅವು ಹೆಚ್ಚು ಹೊಂದುತ್ತವೆ. ನಿನಗೆ ಬೇಕಾಗಿರುವುದು ಅದಲ್ಲ ಅಂತ ನನ್ನ ಅನಿಸಿಕೆ.

ಮುಂಬಯಿಗೆ ಬಂದರೆ ಕೆಲಸ ಸಿಗುತ್ತಾ ಎಂದೂ ಕೇಳಿದ್ದೀಯ. ಸಿಗುತ್ತದೆ. ಸಂಬಳ ಜಾಸ್ತಿ ಇರುವುದು ಐಬಿ ಮತ್ತು ಕೇಂಬ್ರಿಡ್ಜ್ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮಗಳ ಶಾಲೆಗಳಲ್ಲಿ. ಅಲ್ಲಿ ನಾಟಕ ಪರೀಕ್ಷೆಗೆ ಇರುವ ವಿಷಯ, ಮಕ್ಕಳು ಅದರಲ್ಲಿ ಅಂಕ ತೆಗೆಯುತ್ತಾರೆ. ಇಂಗ್ಲಿಷಿನಲ್ಲಿ ಪಾಠ ಮಾಡಬೇಕು, ಮೌಲ್ಯಮಾಪನದ ಬರಹ ತುಂಬಾ ಇರುತ್ತದೆ. ಬೇಸಿಗೆ ರಜೆಯಲ್ಲಿ ಜುಹೂವಿನ ಪೃಥ್ವಿ ಥಿಯೇಟರ್ ಮಕ್ಕಳಿಗೆ ಕಾರ್ಯಾಗಾರಗಳನ್ನು ನಡೆಸುತ್ತದೆ. ಸಹಾಯಕನಾಗಿ ಸೇರಿ ಕಲಿಯುವುದಕ್ಕೂ ಅಂಥ ಕಡೆ ದಾರಿ ಸಿಗುತ್ತದೆ. ಮರಾಠಿಯವರದ್ದಂತೂ ಬಾಲನಾಟ್ಯದ ದೊಡ್ಡ ಪರಂಪರೆ. ಸುಧಾ ಕರಮರಕರ್ 1959ರಲ್ಲೇ ಇಲ್ಲಿ ಮಕ್ಕಳ ರಂಗಭೂಮಿ ಕಟ್ಟಿದರು. ರಾಜ್ಯ ಸರ್ಕಾರ ಮಕ್ಕಳ ನಾಟಕಗಳಿಗೆಂದೇ ಸ್ಪರ್ಧೆ ನಡೆಸುತ್ತದೆ. ಪುಣೆಯಲ್ಲಿ ಮೋಹನ್ ಆಗಾಶೆ ಜರ್ಮನಿಯ ಗ್ರಿಪ್ಸ್ ಎಂಬ ಮಕ್ಕಳ ರಂಗತಂಡದ ಮಾದರಿಯನ್ನು ತಂದು, ಮಕ್ಕಳ ನಿಜವಾದ ಕಷ್ಟಗಳನ್ನೇ ನಾಟಕ ಮಾಡಿ ತೋರಿಸಿದರು. ರಾಜ, ರಾಕ್ಷಸ, ಮಾತಾಡುವ ಮೊಲ ಬಿಟ್ಟು, ಮನೆಯಲ್ಲಿ ಜಗಳ ಆಡುವ ಅಪ್ಪ ಅಮ್ಮ ರಂಗಕ್ಕೆ ಬಂದರು. ನನಗೆ ಇದು ತುಂಬಾ ಇಷ್ಟ.

ನಮ್ಮವರ ವಿಷಯ ಹೇಳದೆ ಮುಗಿಸಲಾರೆ. ಮಹಾನಗರಪಾಲಿಕೆ ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ, ಆದರೆ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ನಮ್ಮವರ ಮಕ್ಕಳು ಹೆಚ್ಚಿನವರು ಇಂಗ್ಲಿಷ್ ಶಾಲೆಯಲ್ಲೇ ಓದುವುದು. ಮನೆಯಲ್ಲಿ ತುಳುವೋ ಕನ್ನಡವೋ ಕಿವಿಗೆ ಬೀಳುತ್ತದೆ, ಬಾಯಿಗೆ ಬರುವುದಿಲ್ಲ. "ನಾಟಕದಿಂದಾದ್ರೂ ನಾಲ್ಕು ಮಾತು ಕಲೀಲಿ ಮೇಷ್ಟ್ರೇ" ಎಂದು ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಇಲ್ಲಿನ ಚಿಣ್ಣರ ಬಿಂಬ ಎಂಬ ಸಂಸ್ಥೆಯವರು ಹೀಗೆಯೇ ಮಕ್ಕಳನ್ನು ಸೇರಿಸಿ ಹಾಡು, ಭಜನೆ, ನಾಟಕ ಕಲಿಸುತ್ತಾ ಬಂದಿದ್ದಾರೆ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳೂ ಇಲ್ಲಿಗೆ ಬಂದು ಆಟ ಆಡುತ್ತವೆ, ಮಕ್ಕಳು ಕಣ್ಣು ಬಿಟ್ಟುಕೊಂಡು ನೋಡುತ್ತಾರೆ. ಆದರೆ ವರ್ಷವಿಡೀ ವಾರಕ್ಕೊಮ್ಮೆ ಕೂತು ಕಲಿಸುವ ನಾಟಕದ ಮೇಷ್ಟ್ರುಗಳು ಸಾಲುವುದಿಲ್ಲ. ನಿನ್ನ ಹತ್ತಿರವೇ ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್‌ನವರು ಗುರುಗಳನ್ನು ಹೈಸ್ಕೂಲುಗಳಿಗೇ ಕಳಿಸಿ ಹೆಜ್ಜೆ ಕಲಿಸುತ್ತಾರಲ್ಲ, ಅದನ್ನು ಹೋಗಿ ನೋಡು. ಅದೇ ಕ್ರಮದಲ್ಲಿ ನಾಟಕವನ್ನೂ ಶಾಲೆಯಿಂದ ಶಾಲೆಗೆ ಕೊಂಡೊಯ್ಯಬಹುದು.

ನಿಮ್ಮ ಹೆಡ್‌ಮೇಷ್ಟ್ರಿಗೆ ಸ್ಪರ್ಧೆ, ಬಹುಮಾನ ಇಷ್ಟ ಅಂದೆಯಲ್ಲ. ಹಾಗಾದರೆ ಕಲಾ ಉತ್ಸವದ ಮಾತು ಎತ್ತು. 2015ರಿಂದ ಕೇಂದ್ರ ಶಿಕ್ಷಣ ಸಚಿವಾಲಯ 9ರಿಂದ 12ನೇ ತರಗತಿಯವರಿಗೆ ನಡೆಸುತ್ತಿದೆ. ಜಿಲ್ಲೆ, ರಾಜ್ಯ, ಆಮೇಲೆ ರಾಷ್ಟ್ರ ಮಟ್ಟ. ಅದಕ್ಕೆ ಮಕ್ಕಳನ್ನು ತಯಾರು ಮಾಡುತ್ತೇನೆ, ಬದಲಿಗೆ 6ರಿಂದ 9ನೇ ತರಗತಿಗೆ ವಾರಕ್ಕೊಂದು ಪೀರಿಯಡ್ ಕೊಡಿ ಅನ್ನು. ಬಾಯಿಮಾತಿನಲ್ಲಿ ಕೇಳಬೇಡ. ಒಂದು ಹಾಳೆಯಲ್ಲಿ ಮೊದಲ ಎರಡು ತಿಂಗಳ ಪಾಠ ಬರೆದುಕೊಂಡು ಹೋಗು. ಯಾವ ವಾರ ಯಾವ ಪಠ್ಯಪುಸ್ತಕದ ಯಾವ ಪಾಠಕ್ಕೆ ಜೋಡಿಸುತ್ತೀಯ ಅನ್ನುವುದೂ ಅದರಲ್ಲಿ ಇರಲಿ. ಕನ್ನಡದ ಮೇಷ್ಟ್ರನ್ನೋ ವಿಜ್ಞಾನದ ಟೀಚರನ್ನೋ ಮೊದಲೇ ಜೊತೆಗೆ ಸೇರಿಸಿಕೋ. ಅವರು "ಹೌದು ಸರ್, ಉಪಯೋಗ ಆಗುತ್ತೆ" ಅಂದರೆ ಅದಕ್ಕೆ ಬೆಲೆ ಜಾಸ್ತಿ.

ಆ ಹಾಳೆಯನ್ನು ಈ ಭಾನುವಾರದೊಳಗೆ ನನಗೂ ಕಳಿಸು. ಓದಿ, ನನ್ನ ತರಗತಿಗಳಲ್ಲಿ ನಡೆದದ್ದು ಏನಾದರೂ ಸೇರಿಸಬಹುದಾದರೆ ಸೇರಿಸುತ್ತೇನೆ. ದಸರಾ ರಜೆಗೆ ಮತ್ಸ್ಯಗಂಧ ರೈಲು ಹತ್ತಿ ಬಾ. ನಮ್ಮ ಶಾಲೆ ಆಗ ತೆರೆದಿದ್ದರೆ ಎರಡು ತರಗತಿಗಳನ್ನು ನೀನೇ ತೆಗೆದುಕೋ, ಭೂಗೋಳದ ಟೀಚರ್‌ಗೆ ಈಗಲೇ ಹೇಳಿಟ್ಟಿದ್ದೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಗೆಳೆಯ