ಪುಟ್ಟಿಗೆ ಆ ಸಿನಿಮಾ ಈಗ ಬೇಡ

ತೀರ್ಥಹಳ್ಳಿ

ಚಿ. ಸುಧೀರನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಮಳೆ ಬಿಟ್ಟಿಲ್ಲ. ಅಡಿಕೆಗೆ ಕೊಳೆರೋಗದ ಔಷಧಿ ಒಂದು ಸಲ ಹೊಡೆದಾಗಿದೆ, ಎರಡನೆಯದಕ್ಕೆ ಹೊಳವು ಕಾಯುತ್ತಿದ್ದೇವೆ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಲಿಲ್ಲ. ಎಂಟು ವರ್ಷದ ಪುಟ್ಟಿಗೆ 'ಪ್ಯಾನ್ಸ್ ಲ್ಯಾಬಿರಿಂತ್' ತೋರಿಸಬಹುದಾ ಅಂದೆ. ಚಿಕ್ಕ ಹುಡುಗಿ, ಯಕ್ಷಿಣಿಯರು, ಕೊಂಬಿನ ಜೀವಿ ಎಲ್ಲ ಇದೆ, ಮಕ್ಕಳ ಸಿನಿಮಾನೇ ಅಲ್ವಾ ಅಂದೆ. ನೋಡದೆ ಹೇಳುವುದು ಬೇಡ ಅಂತ ನಿನ್ನ ಅಣ್ಣನ ಹತ್ತಿರ ಹಾಕಿಸಿಕೊಂಡು ಎರಡು ರಾತ್ರಿ ಕೂತು ನೋಡಿದೆ. ಪುಟ್ಟಿಗೆ ಬೇಡ ಕಣೋ.

ರಾಕ್ಷಸರಿದ್ದಾರೆ ಅಂತ ಬೇಡ ಅನ್ನುತ್ತಿಲ್ಲ. ಅಂಗೈಯಲ್ಲಿ ಕಣ್ಣು ಇಟ್ಟುಕೊಂಡು ಮಕ್ಕಳನ್ನು ತಿನ್ನುವವನೊಬ್ಬ ಬರುತ್ತಾನೆ. ನನಗೇ ಮೈ ಜುಮ್ಮೆಂದಿತು. ಆದರೆ ಅಂಥವನನ್ನು ಮಕ್ಕಳು ತಡೆದುಕೊಳ್ಳುತ್ತಾರೆ. ಯಕ್ಷಗಾನ ಬಯಲಾಟದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸನ ವೇಷ, ಬರುವಾಗ ನೀನು ಹೇಗಿದ್ದೆ, ನೆನಪಿದೆಯಾ? ಪಂಜಿಗೆ ರಾಳದ ಪುಡಿ ಎರಚಿ ಬೆಂಕಿ ಭುಗ್ಗೆಂದಾಗ ನನ್ನ ಸೆರಗಿನೊಳಗೆ ತಲೆ ತೂರಿಸಿ ಒಂದೇ ಕಣ್ಣಿನಲ್ಲಿ ನೋಡುತ್ತಿದ್ದೆ. ಬೆಳಗಾದ ಮೇಲೆ ವೇಷ ಕಟ್ಟುವ ಚೌಕಿಗೆ ಕರೆದುಕೊಂಡು ಹೋದೆ. ಅದೇ ರಾಕ್ಷಸ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಳ್ಳುತ್ತಾ ನಿನ್ನ ಹೆಸರು ಕೇಳಿದ. ಆಮೇಲೆ ತಿಂಗಳುಗಟ್ಟಲೆ ಅಡಿಕೆ ಹಾಳೆಯ ಕಿರೀಟ ಕಟ್ಟಿಕೊಂಡು ಅಂಗಳದಲ್ಲಿ ಆರ್ಭಟ ಮಾಡಿದವನು ನೀನೇ.

ಈ ಸಿನಿಮಾದಲ್ಲಿ ನನ್ನನ್ನು ಹೆದರಿಸಿದ್ದು ಒಬ್ಬ ಮನುಷ್ಯ. ಕಥೆ ನಡೆಯುವುದು 1944ರ ಸ್ಪೇನಿನಲ್ಲಿ. ಅಂತರ್ಯುದ್ಧ ಮುಗಿದು ಐದು ವರ್ಷ ಆಗಿದೆ. ಕಾಡಿನಲ್ಲಿ ಅಡಗಿದ ಬಂಡುಕೋರರನ್ನು ಸೈನ್ಯ ಹುಡುಕಿ ಹುಡುಕಿ ಕೊಲ್ಲುತ್ತಿದೆ. ಆ ಸೈನ್ಯದ ಕ್ಯಾಪ್ಟನ್ನೇ ಹುಡುಗಿಯ ಮಲತಂದೆ. ಮೊಲದ ಬೇಟೆಗೆ ಬಂದಿದ್ದ ಯುವಕನ ಮುಖಕ್ಕೆ ಬಾಟಲಿಯಿಂದ ಕುಟ್ಟಿ ಕುಟ್ಟಿ ಕೊಲ್ಲುತ್ತಾನೆ, ಅವನ ಅಪ್ಪನ ಎದುರಿಗೇ. ಸಿಕ್ಕವರಿಗೆ ಚಿತ್ರಹಿಂಸೆ ಕೊಡುತ್ತಾನೆ. ಹುಡುಗಿಯ ತಾಯಿ ಹೆರಿಗೆಯಲ್ಲಿ ಸಾಯುತ್ತಾಳೆ. ಕೊನೆಗೆ ಆ ಹುಡುಗಿಗೂ ಅವನೇ ಗುಂಡು ಹಾರಿಸುತ್ತಾನೆ.

ಇವನ ಬಣ್ಣ ಒರೆಸಿ ತೋರಿಸಲು ಯಾವ ಚೌಕಿಗೆ ಕರೆದುಕೊಂಡು ಹೋಗುತ್ತೀಯಾ? ಒಂದೇ ಸೂರಿನ ಕೆಳಗೆ ಮಲಗುವ ದೊಡ್ಡವನು ಮಗುವನ್ನು ಕೊಲ್ಲುತ್ತಾನೆ ಅನ್ನುವುದನ್ನು ಎಂಟರ ಮಗು ಎಲ್ಲಿ ಇಟ್ಟುಕೊಳ್ಳಬೇಕು?

ಸಿನಿಮಾ ಕೆಟ್ಟದ್ದು ಅಂತಲ್ಲ, ಬಹಳ ಚೆನ್ನಾಗಿದೆ. ಮೆಕ್ಸಿಕೋದ ಗಿಲ್ಲೆರ್ಮೊ ಡೆಲ್ ಟೊರೊ 2006ರಲ್ಲಿ ಮಾಡಿದ್ದು, ಮೂರು ಆಸ್ಕರ್ ಬಂದಿದೆ. ಆದರೆ ಅವರು ಅದನ್ನು ದೊಡ್ಡವರಿಗೆ ಅಂತಲೇ ಮಾಡಿದ್ದು. ಅಮೆರಿಕದಲ್ಲಿ 17 ತುಂಬದವರು ದೊಡ್ಡವರಿಲ್ಲದೆ ನೋಡಲು ಬಿಡದ 'ಆರ್' ಗುರುತು ಅದಕ್ಕಿದೆ.

ನಮ್ಮಲ್ಲೂ ಗುರುತುಗಳಿವೆ. ಥಿಯೇಟರ್ ಸಿನಿಮಾಗಳಿಗೆ 2024ರಿಂದ ಯುಎ ಅನ್ನೇ 7+, 13+, 16+ ಅಂತ ಮೂರು ಮಾಡಿದ್ದಾರೆ. ಓಟಿಟಿಗೆ 2021ರ ನಿಯಮದಲ್ಲೇ ಇತ್ತು, ಆದರೆ ಅಲ್ಲಿ ಗುರುತು ಹಾಕುವುದು ಆ ಕಂಪನಿಯವರೇ. 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಬೀಗ ಹಾಕಿಡುವ ವ್ಯವಸ್ಥೆ ಇರುತ್ತದೆ, ಇವತ್ತೇ ಹಾಕು. ಅಷ್ಟಕ್ಕೇ ನೆಮ್ಮದಿಯಾಗಬೇಡ. ಯುಎ ಅಂದರೆ ಅಪ್ಪ ಅಮ್ಮ ಯೋಚಿಸಿ ತೋರಿಸಿ ಅಂತ. ಪುಟ್ಟಿ ಯಾವುದಕ್ಕೆ ನಡುಗುತ್ತಾಳೆ ಅಂತ ಸರ್ಟಿಫಿಕೇಟ್ ಕೊಡುವವರಿಗೆ ಏನು ಗೊತ್ತು?

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಿನ್ನ ಅಣ್ಣನಿಗೆ ಏಳು ವರ್ಷವಿದ್ದಾಗ ಪೋಸ್ಟರಿನಲ್ಲಿ ಮಾಯಾಜಾಲ ಕಂಡು ಶಿವಮೊಗ್ಗಕ್ಕೆ ಒಂದು ಸಿನಿಮಾಕ್ಕೆ ಕರೆದುಕೊಂಡು ಹೋದೆ. ಅದರಲ್ಲಿ ಅಪ್ಪನೊಬ್ಬ ಮಗನನ್ನು ಬಾವಿಗೆ ತಳ್ಳುತ್ತಾನೆ. ಎದ್ದು ಹೋಗೋಣ ಅಮ್ಮ ಅಂದ. ಟಿಕೆಟಿನ ದುಡ್ಡು ನೆನೆದು ಕೂರಿಸಿದೆ. ರಾತ್ರಿ ಬಚ್ಚಲಿಗೆ ಒಬ್ಬನೇ ಹೋಗಲಾರೆ ಅಂದಾಗ "ಗಂಡು ಹುಡುಗ ಹೆದರ್ತಾನಾ?" ಅಂತ ಗದರಿದೆ. ಮತ್ತೆ ಅವನು ಆ ಮಾತೇ ಎತ್ತಲಿಲ್ಲ. ಸರಿಹೋಯಿತು ಅಂದುಕೊಂಡೆ. ಅವನ ಮದುವೆಯಾದ ಮೇಲೆ ಒಂದು ದಿನ ಹೇಳಿದ: ಹೈಸ್ಕೂಲು ಸೇರುವವರೆಗೂ ಅಪ್ಪ ನೀರು ಸೇದುವಾಗ ಬಾವಿಕಟ್ಟೆಯ ಹತ್ತಿರ ಬರುತ್ತಿರಲಿಲ್ಲವಂತೆ. ನಿನ್ನ ದೊಡ್ಡಪ್ಪ ಅವನಿಗೆ ಒಂದು ಏಟೂ ಹೊಡೆದವರಲ್ಲ. ಈಗಲೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಕ್ಕೇ ಹೇಳುವುದು, ಇಂಥ ಸಿನಿಮಾ ಮೊದಲು ನೀನೊಬ್ಬನೇ ಕೊನೆಯವರೆಗೂ ನೋಡು. ಅರ್ಧ ನೋಡಿ ಹೇಳಬೇಡ. ಕೆಟ್ಟದ್ದು ಮಾಡುವವನು ಯಾರು, ಮಗುವಿನ ಪರ ನಿಲ್ಲುವ ದೊಡ್ಡವರು ಒಬ್ಬರಾದರೂ ಇದ್ದಾರಾ ಅಂತ ಗಮನಿಸು. ಪುಟ್ಟಿಗೆ ತೋರಿಸುವುದಾದರೆ ಹಗಲು ಹೊತ್ತಿನಲ್ಲಿ, ನೀನು ಪಕ್ಕದಲ್ಲೇ ಕೂತು. ಸಾಕು ಅಂದಳಾ, ಆಗಲೇ ಆರಿಸು. ಯಾಕೆ ಅಂತ ಕೇಳಬೇಡ. ಎರಡು ದಿನ ಬಿಟ್ಟು ಅವಳೇ ಹೇಳುತ್ತಾಳೆ.

ದೀಪಾವಳಿ ಕಳೆದರೆ ಮೇಳಗಳ ತಿರುಗಾಟ ಶುರು. ಇಲ್ಲಿ ಹತ್ತಿರದಲ್ಲಿ ಎಲ್ಲಾದರೂ ಆಟ ಇದ್ದರೆ ತಿಳಿಸುತ್ತೇನೆ, ಪುಟ್ಟಿಯನ್ನು ಕರೆದುಕೊಂಡು ಬಾ. ಬಣ್ಣದ ವೇಷ ಬರುವ ಹೊತ್ತಿಗೆ ನನ್ನ ಪಕ್ಕ ಕೂರಿಸು. ಕಂಬಳಿ ನಾನು ತಂದಿರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ