ನಮ್ಮ ಲೋಟದ ಕಾಫಿ ಯಾವ ಮರದ ನೆರಳಿನದು?

ಸಂಪಾದಕರಿಗೆ ನಮಸ್ಕಾರ.

ಮೈಸೂರಿನವರು ಕಾಫಿಪುಡಿ ಅಂಗಡಿಯಲ್ಲಿ ಎಲ್ಲವನ್ನೂ ಕೇಳಿ ಕೊಳ್ಳುತ್ತೇವೆ. ಪೀಬೆರಿ ಎಷ್ಟು, ರೋಬಸ್ಟಾ ಎಷ್ಟು, ಚಿಕೋರಿ 20 ಪರ್ಸೆಂಟೋ 30 ಪರ್ಸೆಂಟೋ, ಹುರಿದದ್ದು ಇವತ್ತಾ ನಿನ್ನೆಯಾ. ಬೀಜ ಯಾವ ತೋಟದ್ದು, ಆ ತೋಟದಲ್ಲಿ ಯಾವ ಮರಗಳಿವೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಇನ್ನು ಮೇಲೆ ಅದನ್ನೂ ಕೇಳೋಣ ಅಂತ ಈ ಪತ್ರ.

ಬೇರೆ ಎಷ್ಟೋ ದೇಶಗಳಲ್ಲಿ ಮರ ಕಡಿದು ಬಯಲಲ್ಲಿ ಕಾಫಿ ಬೆಳೆಯುತ್ತಾರೆ. ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ ಹಾಗಲ್ಲ, ಕಾಫಿ ಇರುವುದೇ ನೆರಳಲ್ಲಿ. ಹಳೇ ತೋಟಕ್ಕೆ ಕಾಲಿಟ್ಟರೆ ಅತ್ತಿ, ಬಸರಿ, ಹಲಸು, ನಂದಿ, ಮತ್ತಿ, ಹೊನ್ನೆ, ಬೀಟೆ ಎಲ್ಲವೂ ಸಿಗುತ್ತವೆ. ಹಕ್ಕಿಗಳಿಗೆ ಬೇಕಾದದ್ದು ಇದೇ. ಪಶ್ಚಿಮ ಘಟ್ಟದ ಕಾಫಿ ತೋಟಗಳನ್ನು ಸುತ್ತಿ ಮಾಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕಾಡನ್ನೇ ನಂಬಿದ 79 ಜಾತಿಯ ಹಕ್ಕಿಗಳು ಆ ತೋಟಗಳಲ್ಲಿ ಸಿಕ್ಕವು. ಅದರಲ್ಲಿ ನೀಲಗಿರಿ ಮರಪಾರಿವಾಳವೂ ಇತ್ತು. ಕತ್ತಿನ ಹಿಂಭಾಗದಲ್ಲಿ ಚದುರಂಗದ ಮಣೆಯ ಹಾಗೆ ಕಪ್ಪು ಬಿಳುಪು ಚೌಕಳಿ ಇರುವ ಈ ಪಾರಿವಾಳ ಅಪಾಯದಲ್ಲಿರುವ ಹಕ್ಕಿಗಳ ಕೆಂಪು ಪಟ್ಟಿಯಲ್ಲಿದೆ. ಅರೇಬಿಕಾ ತೋಟಗಳಲ್ಲಿ ನೆರಳು ಜಾಸ್ತಿ ಇತ್ತಂತೆ, ಆದರೆ ಮರ ಉಳಿಸಿಕೊಂಡ ರೋಬಸ್ಟಾ ತೋಟಗಳಲ್ಲೂ ಹಕ್ಕಿಗಳಿಗೆ ಬರ ಇರಲಿಲ್ಲ. ಹಾಗಾಗಿ ಕಾಫಿಯ ಜಾತಿಗಿಂತ ಮುಖ್ಯವಾದದ್ದು ಮರ.

ಗೋಣಿಕೊಪ್ಪದ ಹತ್ತಿರ ನಮ್ಮ ಚಿಕ್ಕಮ್ಮನ ತೋಟದಲ್ಲಿ ಒಂದು ದೊಡ್ಡ ಬಸರಿ ಮರ ಇದೆ. ಹಣ್ಣು ಬಿಟ್ಟಾಗ ಕಣದಲ್ಲಿ ನಿಂತರೆ ಸಾಕು, ಯಾರೋ ಜೋರಾಗಿ ನಗುತ್ತಿದ್ದಾರೆ ಅನ್ನಿಸುವಂಥ ಕೂಗು ಕೇಳುತ್ತದೆ. ಅದು ಮಲಬಾರ್ ಬೂದು ಮಂಗಟ್ಟೆ, ಹಾರ್ನ್‌ಬಿಲ್ ಜಾತಿಯದು. ಕೊಕ್ಕಿನ ತುದಿಯಲ್ಲಿ ಹಣ್ಣು ಹಿಡಿದು, ಮೇಲಕ್ಕೆ ಚಿಮ್ಮಿಸಿ, ಗಂಟಲಿಗೆ ಇಳಿಸಿಕೊಳ್ಳುತ್ತದೆ. ಪಶ್ಚಿಮ ಘಟ್ಟ ಬಿಟ್ಟರೆ ಈ ಹಕ್ಕಿ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಇದೂ ಅಪಾಯದ ಪಟ್ಟಿ ಸೇರಿದೆ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕೂತು, ತನ್ನ ಹಿಕ್ಕೆಯಿಂದಲೇ ಪೊಟರೆಯ ಬಾಯಿ ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸಂದಿ ಮಾತ್ರ ಬಿಟ್ಟುಕೊಳ್ಳುತ್ತದೆ. ಗಂಡು ವಾರಗಟ್ಟಲೆ ಹಣ್ಣು ತಂದು ಆ ಸಂದಿಯಲ್ಲಿ ಕೊಡಬೇಕು. ಮರಕುಟಿಗದ ಹಾಗೆ ಪೊಟರೆ ಕೊರೆದುಕೊಳ್ಳಲು ಮಂಗಟ್ಟೆಗೆ ಬರುವುದಿಲ್ಲ. ವಯಸ್ಸಾದ ಮರದಲ್ಲಿ ಕೊಂಬೆ ಮುರಿದು ತಾನಾಗಿ ಆದ ಪೊಟರೆಯೇ ಆಗಬೇಕು. ಅಂಥ ಒಂದು ಮರ ಹೋದರೆ ಆ ಜೋಡಿಗೆ ಆ ವರ್ಷ ಮರಿ ಇಲ್ಲ ಅಂತಲೇ ಲೆಕ್ಕ.

ಈಗ ಆ ಮರಗಳ ಜಾಗದಲ್ಲಿ ಸಿಲ್ವರ್ ಓಕ್ ಬರುತ್ತಿದೆ. ಆಸ್ಟ್ರೇಲಿಯಾ ಮೂಲದ ಮರ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟಗೆ ಕಂಬ ಸಿಕ್ಕ ಹಾಗಾಗುತ್ತದೆ. ಅದು ಹೂ ಬಿಟ್ಟಾಗ ಸೂರಕ್ಕಿಗಳು ಮಕರಂದಕ್ಕೆ ಬರುವುದು ನಿಜ. ಆದರೆ ಮಂಗಟ್ಟೆಗೆ ಬೇಕಾದ ಹಣ್ಣೂ ಇಲ್ಲ, ಪೊಟರೆಯೂ ಇಲ್ಲ.

ಇದಕ್ಕೆ ಬೆಳೆಗಾರರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಡ, 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ವಿನಾಯಿತಿ ಇದೆ. ಅದೇ ತೋಟದಲ್ಲಿ ತಾನೇ ನೆಟ್ಟು ಬೆಳೆಸಿದ ಹೊನ್ನೆಯನ್ನೋ ನಂದಿಯನ್ನೋ ಕಷ್ಟಕಾಲದಲ್ಲಿ ಮಾರಬೇಕು ಅಂದರೆ ಅರ್ಜಿ, ಪರಿಶೀಲನೆ, ಓಡಾಟ. ಕೊಡಗಿನ ಬಾಣೆ ಜಮೀನಿನಲ್ಲಂತೂ (ಗದ್ದೆಯ ಜೊತೆಗೆ ಸೌದೆ, ಮೇವಿಗೆಂದು ಹಿಂದೆ ಬಿಟ್ಟುಕೊಟ್ಟ ಕಾಡುಜಾಗ) ಮರ ಯಾರದ್ದು ಅನ್ನುವುದೇ ಹಳೇ ತಕರಾರು. ಹೀಗಿರುವಾಗ ಕಾಡುಮರ ನೆಡಲು ಯಾರಿಗೆ ಧೈರ್ಯ ಬರುತ್ತದೆ? ಕಾಡುಮರ ಉಳಿಸಲೆಂದು ಮಾಡಿದ ಕಾಯ್ದೆಯೇ ಅದನ್ನು ನೆಡದ ಹಾಗೆ ಮಾಡಿಬಿಟ್ಟಿದೆ, ಇದು ನನಗೆ ತುಂಬಾ ಬೇಸರದ ವಿಷಯ.

ದಾರಿ ಇಲ್ಲ ಅಂತೇನಿಲ್ಲ. ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರನ್ನೇ ನೋಡಿ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳ ಮೇಲೆ, ಜನರ ಸ್ವಂತ ಮರಗಳ ಮೇಲೆ. ಹುಣಸೆ ಫಸಲಿನ ನಷ್ಟಕ್ಕೆ ಮರದ ಮಾಲೀಕರಿಗೆ ಸರ್ಕಾರ ಪರಿಹಾರ ಕೊಡುತ್ತದೆ, 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೂ ಆಯಿತು. ಮದ್ದೂರು ತಾಲ್ಲೂಕಿನ ಹುಣಸೆ ಮರಕ್ಕೆ ಕೊಡುವುದನ್ನು ವಿರಾಜಪೇಟೆಯ ಬಸರಿ ಮರಕ್ಕೂ ಕೊಡಬಹುದು ಅಲ್ವಾ? ಮಂಗಟ್ಟೆ ಗೂಡಿರುವ ಮರವನ್ನು ಬೆಳೆಗಾರರೇ ಸರ್ಕಾರದ ದಾಖಲೆಯಲ್ಲಿ ಬರೆಸಲಿ, ಅದನ್ನು ಉಳಿಸಿಕೊಂಡದ್ದಕ್ಕೆ ವರ್ಷಕ್ಕಿಷ್ಟು ಅಂತ ಸರ್ಕಾರ ಕೊಡಲಿ. ಹೊಸದಾಗಿ ನೆಟ್ಟ ಕಾಡುಮರಗಳನ್ನು ನೆಟ್ಟ ವರ್ಷವೇ ದಾಖಲೆಗೆ ಸೇರಿಸಿ, ಮುಂದೆ ಕಡಿಯುವ ಹಕ್ಕು ನೆಟ್ಟವರದ್ದೇ ಅಂತ ಬರೆದುಕೊಡಲಿ.

ಇದು ಘಟ್ಟದವರ ವಿಷಯ, ನಮಗೇನು ಅನ್ನುವವರಿಗೆ ಒಂದೇ ಮಾತು. ಕನ್ನಂಬಾಡಿ ಕಟ್ಟೆ ತುಂಬುವುದು ಅದೇ ಗುಡ್ಡಗಳ ಮಳೆಯಿಂದ.

ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಹಕ್ಕಿಸ್ನೇಹಿ ಕಾಫಿಗೆ ಮುದ್ರೆ ಕೊಡುತ್ತದೆ. ಕನಿಷ್ಠ ಶೇ 40 ನೆರಳು, ಕನಿಷ್ಠ 10 ಜಾತಿಯ ಮರ, ಜೊತೆಗೆ ಸಾವಯವ ಕೃಷಿ ಇರಬೇಕು. ನಾಲ್ಕೈದು ಎಕರೆಯ ಸಣ್ಣ ಬೆಳೆಗಾರರಿಗೆ ಆ ಮುದ್ರೆಯ ಖರ್ಚು, ಕಾಗದಪತ್ರ ಸುಲಭವಲ್ಲ. ಅದಕ್ಕೇ ಮೈಸೂರು, ಮಂಡ್ಯದ ಕಾಫಿಪುಡಿ ಅಂಗಡಿಯವರಲ್ಲಿ ನನ್ನ ಕೋರಿಕೆ ಸಣ್ಣದು. ನೀವು ಬೀಜ ತರುವ ತೋಟ ಯಾವ ಊರಿನದು, ಅಲ್ಲಿ ಅತ್ತಿ ಬಸರಿ ಇದೆಯೋ ಬರೀ ಸಿಲ್ವರ್ ಓಕೋ, ಇಷ್ಟನ್ನು ಡಬ್ಬದ ಮೇಲೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಕಾಡುಮರದ ತೋಟದ ಪುಡಿಗೆ ಕಿಲೋಗೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಹಾಕಿ, ಅದು ಬೆಳೆಗಾರರ ಕೈಗೆ ಹೋಗುವುದಾದರೆ ನಾನಂತೂ ಸಂತೋಷದಿಂದ ಕೊಡುತ್ತೇನೆ.

– ಕಾಫಿ ಪ್ರಿಯೆ, ಸರಸ್ವತಿಪುರಂ, ಮೈಸೂರು